ಗೋಡೆಗೆ ಬಾರದ ಕೈ

ನಾನು ಗೋಡೆ ಒರೆಸುತ್ತಿದ್ದೆ. ಅಳಿಯ ಹೊಸಲಿಗೆ ಎಡವಿ ಒಂಟಿ ಕಾಲಲ್ಲಿ ಕುಣಿದದ್ದನ್ನು ಒರೆಸಿಯಾಗಿತ್ತು. ಮಗಳು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದು ಅರ್ಧ ಉಳಿದಿತ್ತು. ಸುಣ್ಣದ ನೀರಿಗೆ ಬಟ್ಟೆ ಅದ್ದಿ ಹಿಂಡುವಷ್ಟರಲ್ಲಿ ಎದುರು ಮನೆಯ ಕೆಂಚಮ್ಮ ತನ್ನ ಗೋಡೆಯನ್ನು ಬಿಟ್ಟು ಬಂದು ನನ್ನ ಹಿಂದೆ ನಿಂತಳು. ಮೂರನೆಯ ಚಿತ್ರದಲ್ಲಿ ನಾನೇ ಇದ್ದೆ. ಪೆಟ್ಟಿಗೆಯ ಮುಂದೆ ಕೂತು, ಮಡಿಸಿದ ಕಾಗದವೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

"ಇವತ್ತು ನಿನ್ನ ಮೂಗು ಚೆನ್ನಾಗಿ ಬಂದೈತೆ ಕಣಕ್ಕ," ಎಂದಳು ಕೆಂಚಮ್ಮ. ಕಾಗದದ ಮಾತೆತ್ತಲಿಲ್ಲ. ಆರು ವರ್ಷದಿಂದ ತಿಂಗಳಿಗೆ ಎರಡು ಮೂರು ಸಲ ಇದೇ ಚಿತ್ರ ನೋಡಿದ್ದಾಳೆ, ಒಮ್ಮೆಯೂ ಕೇಳಿಲ್ಲ. "ಬೇಗ ಒರೆಸು. ಮೂರು ಗಂಟೆಗೆ ಕಡಲೆಕಾಯಿ ಗೋದಾಮಲ್ಲಿ ಸಿನಿಮಾ ಅಂತೆ. ಕೊಲೆ ಸಿನಿಮಾ."

"ಕೊಲೇಲಿ ನೋಡೋದೇನೈತೆ?"

"ಯಾರು ಮಾಡಿದ್ರು ಅಂತ ನಾವೇ ಕಂಡುಹಿಡೀಬೇಕಂತೆ."

"ಗೋಡೆ ನೋಡಿದ್ರಾಯ್ತಲ್ಲ."

"ನಾನೂ ಅದನ್ನೇ ಅಂದೆ. ಸಾರ್ತಾ ಬಂದೋನು ನಕ್ಕ."

ನಮ್ಮೂರಲ್ಲಿ ಹೀಗೆಯೇ. ಮನೆಯೊಳಗೆ ಯಾರ ಕೈ ಏನು ಮಾಡಿತೋ ಅದು ಬೆಳಗಾಗುವುದರೊಳಗೆ ಬೀದಿಯ ಕಡೆಯ ಗೋಡೆಯ ಮೇಲೆ ಹೊಗೆಯಂಥ ಗೆರೆಯಲ್ಲಿ ಮೂಡಿರುತ್ತದೆ. ಮಾಡಿದ್ದೆಲ್ಲವೂ ಅಲ್ಲ, ದಿನಕ್ಕೆ ಮೂರೋ ನಾಲ್ಕೋ. ಆಡಿದ ಮಾತು ಮೂಡುವುದಿಲ್ಲ, ಬಾಯಿ ತೆರೆದದ್ದು ಮಾತ್ರ ಕಾಣುತ್ತದೆ. ಹಾದುಹೋಗುವವರು ನೋಡಲಿ ಎಂದು ಒಂದಿಷ್ಟು ಹೊತ್ತು ಬಿಡಬೇಕು, ಬಿಸಿಲು ಏರುವ ಮುಂಚೆ ಒರೆಸಬೇಕು. ಇದರಿಂದ ನಮ್ಮಲ್ಲಿ ಬೀಗ ಮಾರುವ ಅಂಗಡಿಯಿಲ್ಲ, ಪೊಲೀಸಿನವರಿಲ್ಲ. ಇನ್ನೊಂದು ಅಭ್ಯಾಸವೂ ಇಲ್ಲ. ಯಾರೂ ಯಾರನ್ನೂ 'ಯಾಕೆ' ಎಂದು ಕೇಳುವುದಿಲ್ಲ. ಮಾಡಿದ್ದು ಎದುರಿಗೇ ಇರುವಾಗ ಕೇಳುವುದೇನು? ಹಾಗೆ ಕೇಳುವುದೆಂದರೆ ಕಂಡವರ ಒಲೆಯ ಮೇಲಿನ ಮಡಕೆಯ ಮುಚ್ಚಳ ತೆಗೆದು ನೋಡಿದಷ್ಟು ಕೆಟ್ಟ ನಡತೆ ಎಂದೇ ನಮ್ಮನ್ನು ಬೆಳೆಸಿದ್ದರು.

ಆ ಕಾಗದ ನನ್ನ ವಾರಗಿತ್ತಿ ಹಾಲಮ್ಮನಿಗೆ ಬರೆದದ್ದು. ನಲವತ್ತೊಂದು ವರ್ಷದ ಹಿಂದೆ ಅತ್ತೆ ಹಾಸಿಗೆ ಹಿಡಿದಿದ್ದಾಗ, ಒಂದು ಬೆಳಗ್ಗೆ ನಮ್ಮ ಗೋಡೆಯ ಮೇಲೆ ಎರಡು ಚಿತ್ರ ಮೂಡಿದ್ದವು. ಒಂದರಲ್ಲಿ ನಾನು ಅತ್ತೆಯ ತಲೆ ಎತ್ತಿ ಹಿಡಿದು ಚಮಚದಲ್ಲಿ ಔಷಧ ಕುಡಿಸುತ್ತಿದ್ದೆ. ಇನ್ನೊಂದರಲ್ಲಿ ಹಾಲಮ್ಮ ಅದೇ ಔಷಧದ ಬಾಟಲಿಯನ್ನು ಬಚ್ಚಲಲ್ಲಿ ಬೋರಲು ಹಾಕುತ್ತಿದ್ದಳು. ಅದೇ ಸಂಜೆ ಅತ್ತೆ ತೀರಿಕೊಂಡರು. ಆ ಗಲಾಟೆಯಲ್ಲಿ ಗೋಡೆ ಇನ್ನೂ ಒರೆಸಿರಲಿಲ್ಲ, ಊರು ಅದರ ಮುಂದೆ ಬಂದು ನಿಂತಿತು, ನೋಡಿತು, ಹೋಯಿತು. ನಮ್ಮಲ್ಲಿ ಹೊಡೆಯುವುದು ಬಡಿಯುವುದು ಇಲ್ಲ. ಗೋಡೆ ಯಾರನ್ನು ತೋರಿಸಿತೋ ಅವರ ಗಂಟು ಕಟ್ಟಿ ಹೊಳೆಯ ದೋಣಿಯವರೆಗೆ ಬಿಟ್ಟು ಬರುತ್ತಾರೆ, ಅಷ್ಟೆ. ಹಾಲಮ್ಮನ ಗಂಟು ಕಟ್ಟಿದವಳು ನಾನೇ. ಅವಳ ಗಂಡ, ನನ್ನ ಭಾವ, ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅವಳು ಅಳಲಿಲ್ಲ. "ಮಗೂಗೆ ಹುಷಾರು ಕಣೆ" ಎಂದಷ್ಟೇ ಹೇಳಿ ಹೋದಳು.

ನಾನು ಆಗ ಓದಿದವಳಲ್ಲ. ಅರವತ್ತೆರಡಕ್ಕೆ ರಾತ್ರಿ ಶಾಲೆಗೆ ಸೇರಿದೆ. ಮೇಷ್ಟ್ರು, "ಮನೇಲಿ ಅಕ್ಷರ ಇರೋದನ್ನೆಲ್ಲ ಓದಿಕೊಂಡು ಬನ್ನಿ" ಎಂದಿದ್ದರು. ಬೆಂಕಿಪೆಟ್ಟಿಗೆ ಓದಿದೆ, ಚಹಾಪುಡಿಯ ಪೊಟ್ಟಣ ಓದಿದೆ. ಆಮೇಲೆ ತಲೆಗೆ ಹಚ್ಚುವ ಎಣ್ಣೆ ತುಂಬಿಟ್ಟಿದ್ದ ಹಳೆಯ ಬಾಟಲಿ ಕೈಗೆ ಬಂತು. ಹಾಲಮ್ಮ ಅಂದು ಬರಿದು ಮಾಡಿದ್ದ ಬಾಟಲಿ. ಎಣ್ಣೆ ಕುಡಿದು ಕಂದಿದ್ದ ಚೀಟಿಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿದೆ. ಮೈಗೆ ಹಚ್ಚಲು ಮಾತ್ರ. ಕುಡಿಯಬಾರದು.

ಡಾಕ್ಟರು ಎರಡು ಬಾಟಲಿ ಕೊಟ್ಟಿದ್ದರು, ಎರಡೂ ಒಂದೇ ಬಣ್ಣದವು. ಇನ್ನೊಂದರ ಮುಚ್ಚಳವನ್ನೇ ಯಾರೂ ತೆರೆದಿರಲಿಲ್ಲ. ತುಂಬಿದ ಔಷಧ ಹಾಗೇ ಇದೆ ನೋಡು, ಅದನ್ನೂ ಕೊಟ್ಟಿಲ್ಲ ಎಂದು ಊರವರು ಅದನ್ನೂ ಹಾಲಮ್ಮನ ಮೇಲೆಯೇ ಹಾಕಿದ್ದರು. ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಅತ್ತೆ ಸತ್ತದ್ದು ನಾನು ಕುಡಿಸಿದ್ದರಿಂದಲೋ, ವಯಸ್ಸಾಗಿತ್ತೆಂದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ವಾರವೇ ಕಾಗದ ಬರೆದೆ. ಹಾಲಮ್ಮ ಹೊಳೆಯಾಚೆಯ ಕೊಪ್ಪಲಿನಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ಯಾರಾದರೂ ಓದಿ ಹೇಳಬೇಕು ಎಂದು ಬಳೆ ಮಾರುವವಳು ತಿಳಿಸಿದ್ದಳು. ಬೇರೆಯವರ ಬಾಯಲ್ಲಿ ನನ್ನ ತಪ್ಪು ಓದಿಸುವುದೇ ಎಂದು ಹೆದರಿ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟೆ. ತೆಗೆಯುತ್ತಿದ್ದೆ, ಇಡುತ್ತಿದ್ದೆ. ಗೋಡೆ ಅದನ್ನು ಊರಿಗೆಲ್ಲ ತೋರಿಸುತ್ತಿತ್ತು.

ಮೂರು ಗಂಟೆಗೆ ನಾನೂ ಕೆಂಚಮ್ಮನೂ ಗೋದಾಮಿಗೆ ಹೋದೆವು. ಕಿಟಕಿಗಳಿಗೆ ಗೋಣಿತಾಟು ಹೊಡೆದು ಕತ್ತಲೆ ಮಾಡಿದ್ದರು. ಎರಡು ಬಿಳಿ ಪಂಚೆ ಜೋಡಿಸಿ ಹೊಲಿದದ್ದೇ ಪರದೆ. ಬಾಗಿಲಲ್ಲಿ ಟಿಕೆಟ್ಟು ಹರಿಯುತ್ತಿದ್ದ ಹೆಂಗಸಿನ ಹೆಸರು ಲಲಿತಾ. ಸಿನಿಮಾ ಮಾಡಿದ ವಾಮನಮೂರ್ತಿಯ ಹೆಂಡತಿ. ಚಿತ್ರ ಶುರುವಾದ ಮೇಲೆ ನೋಡಿದರೆ ಅದರಲ್ಲಿ ಮನೆಯೊಡತಿಯ ಪಾತ್ರ ಮಾಡಿದವಳೂ ಅವಳೇ, ವಿಧವೆಯ ವೇಷ. ಕೆಂಚಮ್ಮ ಎದ್ದು ಬಾಗಿಲ ಕಡೆ ತಿರುಗಿ ಕೂಗಿದಳು: "ಗಂಡ ಗುಂಡುಕಲ್ಲಿನಂಗೆ ಮಿಷನ್ನು ತಿರುಗಿಸ್ತಾ ನಿಂತವ್ನೆ, ನಿನಗ್ಯಾಕವ್ವ ಈ ವೇಷ?"

"ಬೇರೆಯವರಿಗೆ ಕೊಡೋಕೆ ಕಾಸಿರಲಿಲ್ಲ ಅಮ್ಮ," ಎಂದಳು ಲಲಿತಾ. ಗೋದಾಮೆಲ್ಲ ನಕ್ಕಿತು.

ಕಾಸಿಲ್ಲದ್ದು ಎಲ್ಲ ಕಡೆ ಕಾಣುತ್ತಿತ್ತು. ಇಡೀ ಸಿನಿಮಾ ಒಂದೇ ಮನೆಯಲ್ಲಿ. ಪೊಲೀಸ್ ಠಾಣೆ ಎಂದರೆ ಒಂದು ಮೇಜು, ಮೇಜಿನ ಮೇಲೊಂದು ಟೋಪಿ. ಮಳೆ ಎಂದರೆ ಕಿಟಕಿಯ ಆಚೆ ಯಾರೋ ಜರಡಿಯಲ್ಲಿ ನೀರು ಸುರಿಯುತ್ತಿದ್ದರು, ಒಮ್ಮೆ ಜರಡಿಯ ಅಂಚೂ ಕಂಡಿತು. ನಾವು ಅದನ್ನೆಲ್ಲ ನೋಡಿ ನಗುತ್ತಲೇ ಇದ್ದೆವು. ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಯಾರೂ ಕಾಲು ಕೂಡ ಮಡಚುತ್ತಿರಲಿಲ್ಲ. ಅದೇನು ಹಿಡಿಯಿತೋ ನಮ್ಮನ್ನು! ಇಷ್ಟೇ ಇಷ್ಟು ಸಾಮಾನಿನಲ್ಲಿ, ಒಂದು ಮೆಟ್ಟಿಲು, ಒಂದು ಗಡಿಯಾರ, ಒಂದು ಟೆಲಿಫೋನು.

ಕಥೆ ಇಷ್ಟೆ. ಮಾಳಿಗೆಯ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕನೊಬ್ಬ ಬಾಡಿಗೆಗಿದ್ದ. ಸಂಜೆ ಏಳಕ್ಕೆ ಮನೆಯೊಡತಿ ಗಂಟೆ ಬಾರಿಸಿದರೆ ಊಟಕ್ಕೆ ಇಳಿದು ಬರುತ್ತಿದ್ದ. ಒಂದು ಸಂಜೆ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದ. ಬೀಳುವ ಮುಂಚೆ ನಾವು ಮೂರು ಸಂಗತಿ ನೋಡಿದ್ದೆವು. ಮನೆಯೊಡತಿ ಹಜಾರದ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದಳು. ಅವಳ ತಮ್ಮ ಮೆಟ್ಟಿಲ ಮೇಲಿನ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಡುಗೆಯ ಮುದುಕಿ ಮೆಟ್ಟಿಲ ಮೇಲೆ ಸೋಪಿನ ನೀರು ಸುರಿದು ತೊಳೆದಳು.

ಮರುದಿನದ ಬೆಳಗು ತೋರಿಸುವಾಗ ಆ ಮನೆಯನ್ನು ಹೊರಗಿನಿಂದ ತೋರಿಸಿದರು. ಬೀದಿಯ ಗೋಡೆ ಹಾಲಿನಂತೆ ಬೆಳ್ಳಗಿತ್ತು. ಗೋದಾಮಿನಲ್ಲಿ ಗದ್ದಲ ಎದ್ದಿತು. "ಇನ್ನೂ ಹತ್ತಿರದಿಂದ ಗೋಡೆ ತೋರಿಸ್ರಪ್ಪ!" "ಒರೆಸಿಬಿಟ್ಟವ್ರೆ!" ಬಡಗಿ ರುದ್ರಾಚಾರಿ, ಊರಲ್ಲಿ ಗೋಡೆಯ ತಕರಾರು ಬಂದರೆ ಕೊನೆಯ ಮಾತು ಹೇಳುವವನು, ಎದ್ದು ನಿಂತು, "ಗೋಡೆ ಖಾಲಿ ಐತೆ. ಯಾರೂ ಏನೂ ಮಾಡಿಲ್ಲ. ಮುದುಕ ಬದುಕವ್ನೆ, ನಾಟಕ ಆಡ್ತಾವ್ನೆ," ಎಂದು ತೀರ್ಪು ಕೊಟ್ಟ. ವಾಮನಮೂರ್ತಿ ಮಿಷನ್ನು ನಿಲ್ಲಿಸಿ, ಅದು ಬೇರೆ ಊರು, ಅಲ್ಲಿಯ ಗೋಡೆ ಏನನ್ನೂ ತೋರಿಸುವುದಿಲ್ಲ ಎಂದು ವಿವರಿಸಿದ.

"ಹಂಗಾದ್ರೆ ಅಲ್ಲಿಯೋರು ಹೆಂಗೆ ತಿಳ್ಕಂತಾರೆ?" ಎಂದ ರುದ್ರಾಚಾರಿ.

"ಕೇಳಿ ತಿಳ್ಕೋತಾರೆ."

ಅಯ್ಯೋ ಪಾಪ ಎಂದು ಯಾರೋ ಲೊಚಗುಟ್ಟಿದರು.

ಮಧ್ಯಂತರದಲ್ಲಿ ಹುರಿಗಡಲೆ ತಿನ್ನುತ್ತ ಊರಿಗೆ ಊರೇ ವಾದಕ್ಕೆ ಬಿತ್ತು. ಬಲ್ಬಿನವನೇ ಎಂದು ಕೆಲವರು, ಗಡಿಯಾರದವಳೇ ಎಂದು ಕೆಲವರು. ಗಂಡಸರು ಹೆಂಗಸರು ಎನ್ನದೆ ಒಬ್ಬರ ತೋಳು ಒಬ್ಬರು ಹಿಡಿದೆಳೆದು ಹೇಳುತ್ತಿದ್ದರು. ಇಂಥ ಖುಷಿಯನ್ನು ನಾನು ನಮ್ಮೂರಲ್ಲಿ ನೋಡಿಯೇ ಇರಲಿಲ್ಲ. ಗೊತ್ತಿಲ್ಲದಿರುವುದು ಇಷ್ಟು ರುಚಿ ಎಂದು ಯಾರಿಗೆ ತಿಳಿದಿತ್ತು! ನಾನೂ ಬಿಡಲಿಲ್ಲ. "ಅಡುಗೆಯವಳೇ ಕಣ್ರೋ," ಎಂದೆ ಗಟ್ಟಿಯಾಗಿ. "ಜಾರಲಿ ಅಂತ್ಲೇ ನೀರು ಸುರಿದವ್ಳೆ. ಕೈಯಾರೆ ಮಾಡಿದ್ದನ್ನ ಕಣ್ಣಾರೆ ನೋಡಿವ್ನಿ. ಇನ್ನೇನು ಬೇಕು?" ಸುತ್ತಲಿದ್ದ ನಾಲ್ಕು ಜನ ತಲೆದೂಗಿದರು.

ಆಮೇಲೆ ಕೊನೆ ಬಂತು. ಹೊಸದೇನನ್ನೂ ತೋರಿಸಲಿಲ್ಲ. ಮೊದಲು ನೋಡಿದ್ದ ಅವೇ ಮೂರು ದೃಶ್ಯಗಳನ್ನು ಇನ್ನೊಮ್ಮೆ ಓಡಿಸಿದರು. ಈ ಸಲ ಪ್ರತಿಯೊಂದರ ಮೇಲೂ ಟೆಲಿಫೋನಿನ ಧ್ವನಿಯೊಂದು ಕೇಳಿತು, ಬಲು ಮೆದು ಧ್ವನಿ. ದೂರದ ಊರಲ್ಲಿದ್ದ ಮುದುಕನ ಸೋದರಳಿಯ. ಮನೆಯೊಡತಿಗೆ ಹೇಳುತ್ತಾನೆ: ಮಾವ ರಿಪೇರಿ ಮಾಡಿಕೊಟ್ಟ ಗಡಿಯಾರ ಮುಕ್ಕಾಲು ಗಂಟೆ ಮುಂದೆ ಓಡುತ್ತಿದೆಯಂತೆ, ಹೇಳಿಕೊಳ್ಳಲು ಅವರಿಗೆ ನಾಚಿಕೆ, ನೀವೇ ಸದ್ದಿಲ್ಲದೆ ಹಿಂದಕ್ಕಿಟ್ಟುಬಿಡಿ. ತಮ್ಮನಿಗೆ ಹೇಳುತ್ತಾನೆ: ಮಾವನ ಕೋಣೆಯ ಬಲ್ಬು ಮಂಕು, ಸಣ್ಣ ತಿರುಪು ಕಾಣದೆ ಒದ್ದಾಡುತ್ತಾರೆ, ಮೆಟ್ಟಿಲಿನದನ್ನು ಅಲ್ಲಿಗೆ ಹಾಕಿಕೊಡಿ, ಮೆಟ್ಟಿಲಿಗೆ ನಾಳೆ ಹೊಸದು ಕಳಿಸುತ್ತೇನೆ. ಅಡುಗೆಯವಳಿಗೆ ಹೇಳುತ್ತಾನೆ: ಅಜ್ಜಿ, ಮೆಟ್ಟಿಲ ಮೇಲೆ ಎಣ್ಣೆಯ ಜಿಡ್ಡಿದೆಯಂತೆ, ಮಾವ ಜಾರಿಬಿದ್ದಾರು, ಸಂಜೆ ಒಂದಿಷ್ಟು ತೊಳೆದುಬಿಡಿ. ಊಟದ ಗಂಟೆ ತಡವಾಗಿ ಬಾರಿಸಿತು, ಬೆಳಕು ಹೋಗಿತ್ತು, ಮೆಟ್ಟಿಲು ಒದ್ದೆ. ಮೂವರೂ ಮುದುಕನಿಗೆ ಒಳ್ಳೆಯದು ಮಾಡಲೆಂದೇ ಮಾಡಿದವರು. ಕೊಂದ ಆ ಸೋದರಳಿಯನ ಮುಖವಾಗಲಿ ಕೈಯಾಗಲಿ ಇಡೀ ಸಿನಿಮಾದಲ್ಲಿ ಬರಲೇ ಇಲ್ಲ.

ಬೆಳಕು ಬಂದ ಮೇಲೂ ಯಾರೂ ಏಳಲಿಲ್ಲ. ಪರದೆಯ ಮೇಲೆ ಕಡೆಗೆ ಉಳಿದದ್ದು ಅಡುಗೆಯ ಮುದುಕಿಯ ಮುಖ. ಮಾತಾಡದ ಮುಖ. ಉಳಿದಿದ್ದ ಕಡಲೆಯನ್ನು ಸೆರಗಿಗೆ ಕಟ್ಟಿಕೊಂಡೆ. ಇನ್ನೇನು ಬೇಕು ಎಂದು ಅರ್ಧ ಗಂಟೆಯ ಹಿಂದೆ ಕೂಗಿದವಳು ನಾನು.

ರುದ್ರಾಚಾರಿ ನೆಟ್ಟಗೆ ಮಿಷನ್ನಿನ ಹತ್ತಿರ ಹೋದ. "ಆ ಅಳಿಯನ ಕೈ ಎಲ್ಲೂ ಬರಲಿಲ್ಲವಲ್ಲ ಸ್ವಾಮಿ! ನಮ್ಮೂರಲ್ಲಿ ಆಗಿದ್ರೆ ನಾವು ಆ ಮೂವರನ್ನೂ ದೋಣಿ ಹತ್ತಿಸಿರ್ತಿದ್ವಿ."

"ಆ ಪಾತ್ರಕ್ಕೆ ಜನ ಸಿಗಲಿಲ್ಲ," ಎಂದ ವಾಮನಮೂರ್ತಿ ಸಂಕೋಚದಿಂದ. "ನನ್ನ ಹೆಂಡತಿ, ಭಾವಮೈದ, ನಮ್ಮಮ್ಮ, ಪಕ್ಕದ ಮನೆ ತಾತ, ನಾಲ್ಕೇ ಜನ ಇದ್ದದ್ದು. ಅದಕ್ಕೇ ಅವನನ್ನ ಬರೀ ಧ್ವನಿ ಮಾಡಿದೆ. ಧ್ವನಿ ನಂದೇ."

"ಅವೇ ಚಿತ್ರ ಎರಡು ಸಲ ಹಾಕಿದ್ದು?" ಎಂದೆ ನಾನು.

"ಹೊಸದಾಗಿ ತೆಗೆಯೋಕೆ ಫಿಲ್ಮು ಉಳಿದಿರಲಿಲ್ಲ ಅಜ್ಜಿ. ಇದ್ದದ್ದನ್ನೇ ಇನ್ನೊಂದು ಸಲ ನೋಡಿದೆ. ನೋಡ್ತಾ ನೋಡ್ತಾ ಬೇರೆ ಏನೋ ಕಾಣ್ತು."

ಮರುದಿನ ಗೋದಾಮಿನ ಗೋಡೆಯ ಮೇಲೆ ಇನ್ನೂರು ಜನ ಬಾಯಿ ಬಿಟ್ಟುಕೊಂಡು ಕೂತದ್ದು ಮೂಡಿತ್ತು. ಪರದೆ ಇದ್ದ ಜಾಗ ಮಾತ್ರ ಖಾಲಿ. ವಾಮನಮೂರ್ತಿ, "ಇದನ್ನ ಒರೆಸಬೇಡಿ, ಇದಕ್ಕಿಂತ ಒಳ್ಳೆ ಪೋಸ್ಟರ್ ನನಗೆ ಸಿಗಲ್ಲ," ಎಂದು ಕೈಮುಗಿದ. ಮೂರು ದಿನಕ್ಕೆಂದು ಬಂದ ಸಿನಿಮಾ ಒಂಬತ್ತು ದಿನ ನಡೆಯಿತು. ಕೊನೆ ಗೊತ್ತಿದ್ದವರೇ ಮತ್ತೆ ಮತ್ತೆ ಹೋದರು. ಮೊದಲ ಸಲ ಕೈ ನೋಡಿದ್ದೆವು, ಈ ಸಲ ಮುಖ ನೋಡೋಣ ಎನ್ನುತ್ತಿದ್ದರು. ನಾನು ನಾಲ್ಕು ಸಲ ಹೋದೆ. ನಾಲ್ಕೂ ಸಲ ಆ ಮುದುಕಿ ಮೆಟ್ಟಿಲು ತೊಳೆಯುವಾಗ ಏನೋ ಗೊಣಗುವುದನ್ನು ನೋಡಿದೆ. ಜಾರಬೇಡಪ್ಪ ಎನ್ನುತ್ತಿದ್ದಳೋ ಏನೋ, ಕೇಳುತ್ತಿರಲಿಲ್ಲ.

ಸಿನಿಮಾದವರು ಹೋದ ಮೇಲೆ ಊರಿಗೆ ಕೇಳುವ ಚಟ ಹತ್ತಿತು. ಮೊದಮೊದಲು ತಮಾಷೆಗೆ. ನಲ್ಲಿಯ ಹತ್ತಿರ, "ಏನವ್ವ, ನಿನ್ನೆ ಗಂಡನ ಅಂಗೀನ ಉಲ್ಟಾ ಒಗೆದಿದ್ಯಲ್ಲ, ಯಾಕೆ? ಯಾರಾದ್ರೂ ಫೋನು ಮಾಡಿದ್ರಾ?" ಎಂದು ಕಿಚಾಯಿಸುತ್ತಿದ್ದರು. ಆಮೇಲೆ ನಿಜವಾಗಿಯೂ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು, ನೀನು ಅವತ್ತು ತೊಟ್ಟಿಯ ತೂಬು ಯಾಕೆ ಎತ್ತಿದೆ ಎಂದು ಕೇಳಿಕೊಂಡರಂತೆ, ಉತ್ತರ ಕೇಳಿ ಒಟ್ಟಿಗೆ ಕೂತು ಊಟ ಮಾಡಿದರಂತೆ. ಇನ್ನೊಂದು ಮನೆಯಲ್ಲಿ ಉತ್ತರ ಕೇಳಿ ಜಗಳ ಹೊಸದಾಗಿ ಶುರುವಾಯಿತು. ಅಂತೂ ಬೆಳಗ್ಗೆ ಗೋಡೆಯ ಮುಂದೆ ನಿಲ್ಲುವವರು ನೋಡಿದೊಡನೆ ಹೊರಟುಹೋಗುವುದನ್ನು ಬಿಟ್ಟರು.

ನಾನು ಪೆಟ್ಟಿಗೆ ತೆರೆಯುವುದನ್ನು ನಿಲ್ಲಿಸಿದೆ. ಯಾರಾದರೂ ಕೇಳಿಯಾರು ಎಂಬ ಹೆದರಿಕೆ. ಹದಿನೈದು ದಿನ ತಡೆದೆ. ಹದಿನಾರನೆಯ ದಿನ ಕೈ ತಡೆಯಲಿಲ್ಲ. ಮರುದಿನ ಬೆಳಗ್ಗೆ ಬೇಗ ಒರೆಸೋಣವೆಂದು ಬಕೆಟ್ಟು ಹಿಡಿದು ಹೊರಗೆ ಬಂದರೆ ಕೆಂಚಮ್ಮ ಆಗಲೇ ನಮ್ಮ ಗೋಡೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ತಿಪ್ಪಕ್ಕ, ಆರು ವರ್ಷದಿಂದ ನೋಡ್ತಾ ಇವ್ನಿ. ಪಿಂಚಣಿ ಕಾಗದ ಅಂದ್ಕಂಡಿದ್ದೆ. ಪಿಂಚಣಿ ಕಾಗದ ನೋಡಿ ಯಾರೂ ಹಿಂಗೆ ಕೂರಲ್ಲ. ಬೇಜಾರು ಮಾಡ್ಕಬೇಡ, ಕೇಳ್ತೀನಿ. ಯಾರಿಗೆ ಬರೆದಿದ್ದು? ಯಾಕೆ ಕಳಿಸಿಲ್ಲ?"

ಬಕೆಟ್ಟು ಕೆಳಗಿಟ್ಟೆ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಎಲ್ಲ ಹೇಳಿದೆ. ಎರಡು ಬಾಟಲಿ, ನಾನು ಎತ್ತಿ ಹಿಡಿದ ಚಮಚ, ಚೀಟಿಯ ಮೇಲಿನ ಅಕ್ಷರ, ಹಾಲಮ್ಮ ತನ್ನ ಪರವಾಗಿ ಒಂದು ಮಾತೂ ಆಡದೆ ಹೋದದ್ದು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. 'ಮಗೂಗೆ ಹುಷಾರು' ಎಂದು ಹಾಲಮ್ಮ ಹೇಳಿದ್ದು ಅವಳ ಬಗ್ಗೆಯೇ, ಆಗ ಎಂಟು ತಿಂಗಳ ಕೂಸು. ನಾನು ದೋಣಿ ಹತ್ತಿದ್ದರೆ ಅವಳಿಗೆ ಹಾಲು ಕೊಡುವವರು ಇರಲಿಲ್ಲ.

ಕೆಂಚಮ್ಮ ಸೆರಗಿನ ಅಂಚು ತಿರುಚಿದಳು. "ಅವಳು ನಿನ್ನ ಸಲುವಾಗಿ ಊರು ಬಿಟ್ಟು ಹೋದ್ಲು. ನೀನು ಆರು ವರ್ಷದಿಂದ ಪೆಟ್ಟಿಗೆ ತೆಗೆಯೋದು, ಮುಚ್ಚೋದು! ಥೂ, ಎಂಥವಳೇ ನೀನು!" ಎಂದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ನಾನು ಯಾರಿಗೂ ಹೇಳಲ್ಲ ಬಿಡಕ್ಕ," ಎಂದಳು.

"ಹೇಳು," ಎಂದೆ. "ನಲ್ಲಿ ಹತ್ರ ನಿಂತು ಹೇಳು. ರುದ್ರಾಚಾರಿಗೆ ಮೊದಲು ಹೇಳು."

ಅವನು ಸಂಜೆಯೇ ಬಂದ. ಗಂಟು ಕಟ್ಟಿಸಲು ಬಂದನೆಂದುಕೊಂಡೆ. ಕಟ್ಟಿಸಿದರೆ ಹೋಗಲು ಸಿದ್ಧಳಾಗಿಯೇ ಇದ್ದೆ, ಹೊಳೆಯಾಚೆಗೆ ತಾನೇ. ಅವನು ಜಗಲಿಯ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಅವತ್ತು ಗೋಡೆ ಮುಂದೆ ನಾನೂ ನಿಂತಿದ್ದೆ ತಿಪ್ಪಕ್ಕ. ಆಗಿನ್ನೂ ಮೀಸೆ ಬಂದಿತ್ತಷ್ಟೆ. ಆಯಮ್ಮ ಬಾಗಿಲಲ್ಲೇ ಇದ್ಲು, ನನಗೂ ಅವಳಿಗೂ ನಾಲ್ಕು ಮಾರು ದೂರ. ಒಂದು ಮಾತು ಕೇಳಬಹುದಿತ್ತು," ಎಂದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಮರುದಿನ ನಮ್ಮ ಗೋಡೆಯ ಮೇಲೆ ಇಬ್ಬರು ಮುದುಕಿಯರು ಎದುರುಬದುರು ಕೂತದ್ದು ಮೂಡಿತ್ತು. ಹಾಗೇ ಬಿಟ್ಟು ಒಳಗೆ ಹೋಗಿ ಕಾಗದ ಬಿಚ್ಚಿದೆ. ಆರು ವರ್ಷ ಹಿಡಿದು ಕೂತಿದ್ದೆನೇ ಹೊರತು ಬರೆದ ಮೇಲೆ ಅದನ್ನು ಓದಿರಲಿಲ್ಲ. ನಾನು ಬಾಟಲಿ ತಪ್ಪಿ ಕುಡಿಸಿದೆ. ನೀನು ಚೆಲ್ಲಿದೆ. ಊರು ನಿನ್ನನ್ನು ಕಳಿಸಿತು. ನಾನು ಗಂಟು ಕಟ್ಟಿದೆ. ಇದೆಲ್ಲ ಈಗ ಗೊತ್ತಾಯಿತು, ಕ್ಷಮಿಸು. ಎಲ್ಲ ನಿಜವೇ. ಆದರೆ ನಮ್ಮ ಗೋಡೆ ಬರೆದಂತಿತ್ತು. ಕೈಗಳಿದ್ದವು, ಮುಖವಿರಲಿಲ್ಲ. ಕ್ಷಮೆ ಬೇಡಿ ಕೈ ತೊಳೆದುಕೊಂಡಿದ್ದೆ, ಅವಳನ್ನು ಏನೂ ಕೇಳಿರಲಿಲ್ಲ.

ಹೊಸ ಹಾಳೆಗೆ ಬದಲಾಯಿಸಲಿಲ್ಲ. ಕೆಳಗೆ ಜಾಗವಿತ್ತು. ಮಗಳ ಪೆನ್ನು ಇಸಿದುಕೊಂಡು ನಿಧಾನವಾಗಿ ಬರೆದೆ:

"ಹಾಲಕ್ಕ, ಇದನ್ನು ಓದಿ ಹೇಳುವವರು ಯಾರೇ ಇರಲಿ, ಅವರಿಗೂ ಗೊತ್ತಾಗಲಿ, ಮುಚ್ಚುಮರೆಯಿಲ್ಲ. ಊರಿಗೂ ಹೇಳಿಯಾಗಿದೆ. ನಿನ್ನನ್ನು ಒಂದು ಕೇಳಬೇಕು. ಅಂದು ನೀನು ಯಾಕೆ ಸುಮ್ಮನಿದ್ದೆ? ಕೂಸಿಗಾಗಿಯೋ, ನನಗಾಗಿಯೋ, ಯಾರೂ ಕೇಳಲಿಲ್ಲವೆಂಬ ಸಿಟ್ಟಿಗೋ? ನಾನು ಯೋಚಿಸಿ ಯೋಚಿಸಿ ಮೂರು ಉತ್ತರ ಮಾಡಿಕೊಂಡಿದ್ದೇನೆ, ಮೂರೂ ತಪ್ಪಿರಬಹುದು. ನಿನಗೆ ಹೇಳಬೇಕೆನ್ನಿಸಿದರೆ ಹೇಳಿಕಳಿಸು, ಇಲ್ಲವೇ ಬಾ ಎನ್ನು, ದೋಣಿ ಹತ್ತಿ ಬರುತ್ತೇನೆ. ಹೇಳಬೇಕೆನ್ನಿಸದಿದ್ದರೆ ಬೇಡ. ನಾನು ಕೇಳಿದೆ ಎಂಬುದು ಮಾತ್ರ ನಿನಗೆ ತಿಳಿದಿರಲಿ. ನಿನ್ನ ತಂಗಿ ತಿಪ್ಪಮ್ಮ."

ಲಕೋಟೆಯ ಮೇಲೆ ವಿಳಾಸ ಬರೆದು, ಅನ್ನದ ಅಗುಳಿನಿಂದ ಬಾಯಿ ಅಂಟಿಸಿ, ಅಂಚೆ ಕಚೇರಿಗೆ ನಡೆದೆ. ಅಂಚೆಯ ಗುರುಶಾಂತ ಹನ್ನೊಂದರ ಬಸ್ಸಿಗೆ ಚೀಲ ಕಟ್ಟುತ್ತಿದ್ದ. ನನ್ನ ಕೈಯಲ್ಲಿದ್ದುದನ್ನು ನೋಡಿ, ಕಟ್ಟಿದ್ದ ಹುರಿಯನ್ನು ತಾನಾಗಿಯೇ ಬಿಚ್ಚಿದ. ಕೆಂಚಮ್ಮ ತನ್ನ ಕೆಲಸ ಮಾಡಿದ್ದಳು.

"ಇದೇನಾ ಅಜ್ಜಿ?"

"ಇದೇ."

ಸ್ಟ್ಯಾಂಪು ಹಚ್ಚಿ ಮುದ್ರೆ ಹೊಡೆದ. ಒಂದೇ ಏಟಿಗೆ ಸರಿಯಾಗಿ ಬೀಳಲಿಲ್ಲವೆಂದು ಇನ್ನೊಮ್ಮೆ ಹೊಡೆದ. ಚೀಲದ ಬಾಯನ್ನು ನನ್ನ ಕಡೆ ತೆರೆದು ಹಿಡಿದು, "ನೀವೇ ಹಾಕಿ," ಎಂದ. ಹಾಕಿದೆ.